ಬಳ್ಳಾರಿಯಿಂದ ಬೆಂಗಳೂರಿಗೆ ಮನೆ ಸಾಗಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಸತ್ಯನಾರಾಯಣಪೇಟೆ ಮನೆ ಖಾಲಿ ಮಾಡಿ ನಾವು ಬೆಂಗಳೂರಿಗೆ ಬಂದ ಮೇಲೆ, ಊರ ಕಡೆಯಿಂದ ಯಾರೇ ಇತ್ತ ಹೊರಟರೂ ಮೊದಲ ಫೋನು ನಮ್ಮ ಮನೆಗೇ. ಒಬ್ಬರ ಮಗನಿಗೆ ಕೆಲಸ ಸಿಕ್ಕಿರುತ್ತದೆ, ಇನ್ನೊಬ್ಬರ ಮಗಳಿಗೆ ಕಾಲೇಜು, ಮತ್ತೊಬ್ಬರಿಗೆ ವರ್ಗಾವಣೆ. ಕೇಳುವ ಪ್ರಶ್ನೆಗಳು ಮಾತ್ರ ಅವೇ. ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಲೆಕ್ಕವೆಲ್ಲ ಬಳ್ಳಾರಿಯದು, ರಾಯಚೂರು, ಕೊಪ್ಪಳದವರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇನೆ.

ಒಟ್ಟು ಎಷ್ಟು ದುಡ್ಡು ಕೈಯಲ್ಲಿರಬೇಕು?

ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಲಾರಿ ಬಾಡಿಗೆ. ನಾನು ಮೊದಲು ಕೇಳುವುದು, "ಹೊಸ ಮನೆ ಅಡ್ವಾನ್ಸ್ ಎಷ್ಟು, ಹಳೇ ಮನೆ ಅಡ್ವಾನ್ಸ್ ಯಾವಾಗ ವಾಪಸ್?"

ಒಂದು ಲೆಕ್ಕ ಹಾಕೋಣ. ಬೆಂಗಳೂರಿನ ಮನೆ ಬಾಡಿಗೆ ತಿಂಗಳಿಗೆ 18,000 ಎಂದಿಟ್ಟುಕೊಳ್ಳಿ. ಆರು ತಿಂಗಳ ಅಡ್ವಾನ್ಸ್ 1,08,000. ಮೊದಲ ತಿಂಗಳ ಬಾಡಿಗೆ 18,000. ದಲ್ಲಾಳಿ ಮೂಲಕ ಹಿಡಿದರೆ ಅವನಿಗೆ ಒಂದು ತಿಂಗಳ ಬಾಡಿಗೆ, ಮತ್ತೆ 18,000. ಲಾರಿ, ಹಮಾಲಿ ಎಲ್ಲ ಸೇರಿ 25,000. ಪರದೆ ಸರಳು, ಬಲ್ಬು, ಇಂಟರ್ನೆಟ್, ಗ್ಯಾಸ್ ಪೈಪು, ಮನೆ ನೋಡಲು ಎರಡು ಸಲ ಹೋಗಿಬಂದ ಖರ್ಚು, ಅಡುಗೆ ಮನೆ ಸಿದ್ಧವಾಗುವ ತನಕ ಹೋಟೆಲ್ ಊಟ, ಇವಕ್ಕೆ 15,000. ಕೂಡಿಸಿದರೆ 1,84,000. ಅದರಲ್ಲಿ ಲಾರಿಯದು ಏಳನೇ ಒಂದು ಪಾಲೂ ಇಲ್ಲ. ಆದರೂ ನಾವು ಲಾರಿಯವನ ಹತ್ತಿರ ಐನೂರು ರೂಪಾಯಿಗೆ ಅರ್ಧ ತಾಸು ಜಗ್ಗಾಡುತ್ತೇವೆ.

ಇದರಲ್ಲಿ ಅಡ್ವಾನ್ಸ್ ಖರ್ಚಲ್ಲ, ಮುಂದೊಂದು ದಿನ ಬರುವ ದುಡ್ಡೇ. ಆದರೆ ಇವತ್ತು ಕೈಬಿಡುವುದು ನಿಜ. ಬಳ್ಳಾರಿ ಮನೆಯ ಅಡ್ವಾನ್ಸ್ ಬರುವುದು ಬೀಗದ ಕೈ ಕೊಟ್ಟ ಮೇಲೆ, ಸುಣ್ಣಬಣ್ಣಕ್ಕೆ ಮುರಿದುಕೊಂಡ ಮೇಲೆ, ಕೆಲವೊಮ್ಮೆ "ಹೊಸ ಬಾಡಿಗೆದಾರರು ಬರಲಿ" ಎಂಬ ಮಾತಾದ ಮೇಲೆ. ಹೊಸ ಕೆಲಸಕ್ಕೆ ತಿಂಗಳ ಕೊನೆಯ ವಾರ ಸೇರಿದರೆ ಮೊದಲ ಸಂಬಳ ಬಹಳ ಕಂಪನಿಗಳಲ್ಲಿ ಮುಂದಿನ ತಿಂಗಳಿಗೇ ಹೋಗುತ್ತದೆ. ಕೊಡುವುದು ಮೊದಲು, ಬರುವುದು ಆಮೇಲೆ. ನಡುವಿನ ಒಂದೂವರೆ ತಿಂಗಳು ದಾಟುವುದೇ ಕಷ್ಟ. ನಾವು ಒಟ್ಟು ಮೊತ್ತವನ್ನು ಸರಿಯಾಗಿಯೇ ಅಂದಾಜು ಮಾಡಿದ್ದೆವು. ತಾರೀಖು ಹಾಕಿರಲಿಲ್ಲ. ಹಾಗಾಗಿ ಬಂದ ಹನ್ನೆರಡನೇ ದಿನಕ್ಕೆ ಬಳೆ ಅಡ ಇಡಬೇಕಾಯಿತು.

ಆದ್ದರಿಂದ ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ: ತಾರೀಖು, ಹೋಗುವುದು, ಬರುವುದು. ಪ್ರತಿ ಸಾಲಿನ ಕೆಳಗೂ ಕೈಯಲ್ಲಿ ಉಳಿಯುವುದನ್ನು ಬರೆಯಿರಿ. ಯಾವ ಸಾಲಿನಲ್ಲಿ ಅದು ಸೊನ್ನೆಗಿಂತ ಕೆಳಗೆ ಇಳಿಯುತ್ತದೋ ಆ ತಾರೀಖಿಗೆ ಎಲ್ಲಿಂದ ಹೊಂದಿಸುವುದೆಂದು ಈಗಲೇ ನೋಡಿಕೊಳ್ಳಿ.

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರಂತೆ, ಹೌದೇ?

ಹಳೆಯ ರೂಢಿ ಹತ್ತು ತಿಂಗಳದ್ದು. ಈಗ ಐದು, ಆರಕ್ಕೆ ಒಪ್ಪುವ ಮಾಲೀಕರು ಬಹಳ ಮಂದಿ ಇದ್ದಾರೆ; ಕೇಳದೆ ಇದ್ದವರು ಹತ್ತು ಕೊಡುತ್ತಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅದು ಹೆಸರೇ ಹೇಳುವಂತೆ ಮಾದರಿ. ಮಾಲೀಕರ ಮುಂದೆ ಅದನ್ನು ಓದಿ ಹೇಳಿದರೆ ನಕ್ಕು ಬೇರೆ ಮನೆ ನೋಡಿಕೊಳ್ಳಿ ಎಂದಾರು. ಕರಾರು ಪತ್ರದಲ್ಲಿ ಮೂರು ಸಾಲು ಮಾತ್ರ ಬಿಡಬೇಡಿ: ಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಖಾಲಿ ಮಾಡಿದ ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸ್, ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ನೀರು ಕಾವೇರಿಯೋ, ಕೊಳವೆಬಾವಿಯೋ, ಟ್ಯಾಂಕರೋ, ಟ್ಯಾಂಕರಾದರೆ ದುಡ್ಡು ಯಾರದು, ಇದನ್ನೂ ಕೇಳಿ. ತುಂಗಭದ್ರೆ ನೀರು ಕುಡಿದು ಬೆಳೆದ ನಮಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಮನೆ ನೋಡದೆ ಫೋನಲ್ಲೇ ಹಿಡಿಯಬಹುದೇ?

ಬೇಡ. ದುಡಿಯುವವರು ಹದಿನೈದು ದಿನ ಮೊದಲು ಬಂದು ಪಿಜಿಯಲ್ಲಿ ಇದ್ದು, ಕೆಲಸದ ಜಾಗದಿಂದ ಮನೆಗೆ ಸಂಜೆ ಆರು ಗಂಟೆಗೆ ಒಂದು ಸಲ ಹೋಗಿ ನೋಡಲಿ. ಮಧ್ಯಾಹ್ನ ನೋಡಿದ ದೂರವೇ ಬೇರೆ, ಸಂಜೆಯ ದೂರವೇ ಬೇರೆ. ಪಿಜಿಯ ಖರ್ಚು ತಪ್ಪು ಮನೆ ಹಿಡಿಯುವ ಖರ್ಚಿಗಿಂತ ಕಮ್ಮಿ.

ಲಾರಿ ಬಾಡಿಗೆ ಎಷ್ಟಾಗುತ್ತದೆ?

ದರ ದಿನಕ್ಕೊಂದು ಥರ, ಆದರೆ ಲಾರಿಯವರು ಹಾಕುವ ಲೆಕ್ಕ ನಮಗೂ ಗೊತ್ತಿದ್ದರೆ ಮಾತಾಡಲು ಬಾಯಿ ಬರುತ್ತದೆ. ಬಳ್ಳಾರಿಯಿಂದ ಬೆಂಗಳೂರು ಸುಮಾರು 310 ಕಿಲೋಮೀಟರು. ಬರುವಾಗ ಖಾಲಿ ಬಂದರೆ 620. ಹದಿನಾಲ್ಕು ಅಡಿಯ ಗಾಡಿ ಲೀಟರಿಗೆ 7 ಕಿಲೋಮೀಟರು ಕೊಟ್ಟರೆ 88 ಲೀಟರಿನಷ್ಟು ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೆ 8,000ದ ಹತ್ತಿರ. ಅದರ ಮೇಲೆ ಟೋಲು, ಡ್ರೈವರ್ ಭತ್ಯೆ, ಒಂದೂವರೆ ದಿನದ ಗಾಡಿ ಕಂತು, ಮಾಲೀಕರ ಲಾಭ. ಯಾರಾದರೂ ಹದಿನಾಲ್ಕು ಅಡಿ ಗಾಡಿ 9,000ಕ್ಕೆ ಬರುತ್ತೇನೆ ಎಂದರೆ ಎರಡರಲ್ಲಿ ಒಂದು: ಅದು ರಿಟರ್ನ್ ಗಾಡಿ, ಇಲ್ಲವೇ ದಾರಿಯಲ್ಲಿ ಬಾಯಿ ಬದಲಾಗುತ್ತದೆ.

ರಿಟರ್ನ್ ಗಾಡಿ ಎಂದರೆ ಬೆಂಗಳೂರಿನಿಂದ ಬಳ್ಳಾರಿಗೆ ಸರಕು ತಂದು ಇಳಿಸಿ ಖಾಲಿ ವಾಪಸ್ ಹೋಗುವ ಗಾಡಿ. ಅದಕ್ಕೆ ಬಾಡಿಗೆ ಬಹಳ ಕಮ್ಮಿ ಬೀಳುತ್ತದೆ. ಎಪಿಎಂಸಿ ಸುತ್ತಮುತ್ತ, ಲಾರಿ ನಿಲ್ಲುವ ಜಾಗದಲ್ಲಿ ಎರಡು ದಿನ ಮೊದಲು ವಿಚಾರಿಸಿದರೆ ಸಿಗುತ್ತದೆ. ತೊಂದರೆ ಇಷ್ಟೇ: ಅದು ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುವುದಿಲ್ಲ. ಬೆಳಗ್ಗೆ ಅಂದದ್ದು ರಾತ್ರಿಯಾಗಬಹುದು. ಮಕ್ಕಳು ಮರಿ ಇಲ್ಲದವರಿಗೆ, ಕಾಯುವ ತಾಳ್ಮೆ ಇದ್ದವರಿಗೆ ಇದು ಸರಿ.

ಹತ್ತು ಹದಿನೈದು ಡಬ್ಬ ಮಾತ್ರ ಇರುವ ಒಂಟಿ ಜನ ಇಡೀ ಗಾಡಿ ಹಿಡಿಯಬೇಡಿ. ಪಾರ್ಸೆಲ್ ಲಾರಿಯಲ್ಲಿ ಹಾಕಿ. ಬಳ್ಳಾರಿ ಜೀನ್ಸು ದೇಶವೆಲ್ಲ ಹೋಗುವ ದಾರಿ ಅದೇ.

ನಮ್ಮ ಸಾಮಾನಿಗೆ ಯಾವ ಗಾಡಿ ಸಾಕು?

ಟಾಟಾ ಏಸ್, ಅಂದರೆ ಛೋಟಾ ಹಾಥಿ, ಏಳು ಅಡಿಯದು, ಮುಕ್ಕಾಲು ಟನ್ ಹೊರುತ್ತದೆ. ಒಂದು ಕೋಣೆ ಸಾಮಾನಿಗೆ ಸರಿ, ಆದರೆ ಮುನ್ನೂರು ಕಿಲೋಮೀಟರು ಅದರಲ್ಲಿ ಎತ್ತರ ಪೇರಿಸಿ ಕಳಿಸಲು ನನಗೆ ಧೈರ್ಯವಿಲ್ಲ. ಪಿಕಪ್‌ನಲ್ಲಿ ಸಣ್ಣ ಸಂಸಾರ. ಎರಡು ಮಲಗುವ ಕೋಣೆಯ ಮನೆಗೆ ಹದಿನಾಲ್ಕು ಅಡಿ. ಹದಿನೇಳು ಅಡಿ ಬೇಕೆನ್ನಿಸಿದರೆ ಗಾಡಿ ದೊಡ್ಡದು ಮಾಡಬೇಡಿ, ಅಟ್ಟ ಖಾಲಿ ಮಾಡಿ.

ಪ್ಯಾಕರ್ಸ್ ಅಂಡ್ ಮೂವರ್ಸ್ ಒಳ್ಳೆಯದೋ, ನಾವೇ ಕಟ್ಟಿಕೊಳ್ಳುವುದೋ?

ಗಾಜು, ದೊಡ್ಡ ಟಿವಿ, ಹೊಸ ಪೀಠೋಪಕರಣ ಹೆಚ್ಚಿದ್ದರೆ, ಮನೆಯಲ್ಲಿ ಎತ್ತಿ ಇಡುವ ಕೈ ಕಮ್ಮಿ ಇದ್ದರೆ ಅವರೇ ಸರಿ. ಪಾತ್ರೆ, ಗಾದಿ, ಕಬ್ಬಿಣದ ಅಲಮಾರಿಯ ಸಂಸಾರಕ್ಕೆ ನಾವೇ ಕಟ್ಟಿ ಹಮಾಲರನ್ನು ಕರೆದರೆ ಸಾಕು.

ನಮಗಾದದ್ದು ಹೇಳುತ್ತೇನೆ. ಫೋನಲ್ಲಿ ಅತಿ ಕಮ್ಮಿ ದರ ಹೇಳಿದ ಒಬ್ಬರಿಗೆ ಒಪ್ಪಿಸಿದೆವು. ಸಾಮಾನು ಅವರ ಗಾಡಿಯಲ್ಲಿ ಹತ್ತಿದ ಮೇಲೆ, ತುಮಕೂರು ದಾಟಿದ ಮೇಲೆ ಫೋನು: ಮನೆ ಮೂರನೇ ಮಹಡಿ, ಲಿಫ್ಟು ಸಣ್ಣದು, ಗಲ್ಲಿಯಲ್ಲಿ ಗಾಡಿ ಬರುವುದಿಲ್ಲ, ಸಣ್ಣ ಗಾಡಿಗೆ ಬದಲಿಸಬೇಕು, 6,000 ಹೆಚ್ಚು. ನಮ್ಮ ಅಕ್ಕಿ ಬೇಳೆ, ಹಾಸಿಗೆ ಎಲ್ಲ ಅವರ ಕೈಯಲ್ಲಿ. ಕೊಟ್ಟೆವು. ತಪ್ಪು ನಮ್ಮದೂ ಇತ್ತು. ಮಹಡಿ ಎಷ್ಟನೆಯದೆಂದು ನಾವು ಬರವಣಿಗೆಯಲ್ಲಿ ಹೇಳಿರಲೇ ಇಲ್ಲ.

ಹಾಗಾಗಿ ಮನೆಗೆ ಬಂದು, ಅಥವಾ ವಿಡಿಯೋದಲ್ಲಿ ಸಾಮಾನು ನೋಡಿ ದರ ಬರೆದು ಕೊಡದವರು ಬೇಡ. ಚೀಟಿಯಲ್ಲಿ ಎರಡೂ ಕಡೆಯ ಮಹಡಿ, ಲಿಫ್ಟು, ಬೀದಿ ಅಗಲ, ಮಂಚ ಬಿಚ್ಚಿ ಜೋಡಿಸುವುದು, ಟೋಲು, ಹಮಾಲಿ ಎಲ್ಲ ಸೇರಿದೆ ಎಂದು ಬರೆಸಿ. ಜಿಎಸ್‌ಟಿ ಒಳಗೋ ಹೊರಗೋ ಕೇಳಿ; ಪ್ಯಾಕಿಂಗ್ ಸೇರಿದ ಪೂರ್ತಿ ಸೇವೆಗೆ ಅದು ಶೇಕಡಾ 18, ಆದ್ದರಿಂದ 25,000 ಅಂದದ್ದು 29,500 ಆಗುತ್ತದೆ. ಮುಂಗಡ ಕಾಲು ಭಾಗ ಮೀರದಿರಲಿ, ಕೊನೆಯ ಕಂತು ಸಾಮಾನು ಎಣಿಸಿಕೊಂಡ ಮೇಲೆ.

ರಸೀದಿಯ ಮೂಲೆಯಲ್ಲಿ "ಮಾಲೀಕರ ಹೊಣೆ" ಎಂದು ಸಣ್ಣಗೆ ಅಚ್ಚಾಗಿರುತ್ತದೆ. ಒಡೆದರೆ ನಮ್ಮ ಹಣೆಬರಹ ಎಂದರ್ಥ. ಸರಕು ಸಾಗಣೆಗೆ 2007ರ ರಸ್ತೆ ಸಾಗಣೆ ಕಾಯ್ದೆ ಇದೆ. ಸಾಮಾನಿನ ಬೆಲೆಯನ್ನು ಚೀಟಿಯಲ್ಲಿ ಬರೆಸಿದ್ದರೆ ಪರಿಹಾರ ಕೇಳುವಾಗ ಆಧಾರವಿರುತ್ತದೆ. ಸಾಗಣೆ ವಿಮೆ ಮಾಡಿಸುವವರು ವಿಮಾ ಕಂಪನಿಯ ಪಾಲಿಸಿ ಪ್ರತಿಯನ್ನೇ ಕೇಳಿ, ಬಿಲ್ಲಿನಲ್ಲಿ "ವಿಮೆ" ಎಂದು ಒಂದು ಸಾಲು ಇದ್ದರೆ ನಂಬಬೇಡಿ. ಜಗಳ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಯಾವ ದಾರಿ? ಅನಂತಪುರದ ಮೇಲೆ ರಸ್ತೆ ಚೆನ್ನಾಗಿದೆ ಅನ್ನುತ್ತಾರಲ್ಲ?

ಕಾರಿಗೆ ಚೆನ್ನಾಗಿದೆ. ಸಾಮಾನಿನ ಗಾಡಿಗೆ ನಾನು ಚಳ್ಳಕೆರೆ, ಹಿರಿಯೂರು, ಸಿರಾ, ತುಮಕೂರು ದಾರಿಯನ್ನೇ ಹೇಳುತ್ತೇನೆ. ಹಿರಿಯೂರಿನ ತನಕ ರಾಷ್ಟ್ರೀಯ ಹೆದ್ದಾರಿ 150ಎ, ಅಲ್ಲಿಂದ 48. ಅನಂತಪುರದ ಮೇಲೆ ಹೋದರೆ ಆಂಧ್ರ ಹೊಕ್ಕು ಬಾಗೇಪಲ್ಲಿಯಲ್ಲಿ ಮತ್ತೆ ಕರ್ನಾಟಕಕ್ಕೆ ಬರಬೇಕು. ದೊಡ್ಡ ಗಾಡಿಗೆ ರಾಷ್ಟ್ರೀಯ ಪರ್ಮಿಟ್ ಇಲ್ಲದಿದ್ದರೆ ಗಡಿಯಲ್ಲಿ ಗಾಡಿ ನಿಲ್ಲುತ್ತದೆ, ದಂಡದ ಮಾತು ಕೊನೆಗೆ ನಮ್ಮ ತಲೆಗೇ ಬರುತ್ತದೆ. ದರ ಮಾತಾಡುವಾಗಲೇ ದಾರಿಯನ್ನೂ ಮಾತಾಡಿ.

ರಾಯಚೂರಿನವರು ನಾಲ್ಕುನೂರು ಕಿಲೋಮೀಟರಿಗೂ ಮೇಲೆಯೇ ಲೆಕ್ಕ ಹಾಕಿ. ಮಂತ್ರಾಲಯ, ಆದೋನಿ ದಾರಿ ಹಿಡಿದರೆ ಅವರಿಗೂ ಇದೇ ಪರ್ಮಿಟ್ ಮಾತು. ಸಿಂಧನೂರು, ಸಿರುಗುಪ್ಪ, ಬಳ್ಳಾರಿಯ ಮೇಲೆ ಬಂದರೆ ರಾಜ್ಯದ ಒಳಗೇ. ಹೈದರಾಬಾದಿಗೆ ಹೋಗುವ ರಾಯಚೂರಿನವರಿಗೆ ದೂರ ಅರ್ಧದಷ್ಟೇ, ಆದರೆ ಅದು ಬೇರೆ ರಾಜ್ಯ. ಕೊಪ್ಪಳ, ಗಂಗಾವತಿಯವರು ಹೊಸಪೇಟೆಯಿಂದ ಹೆದ್ದಾರಿ 50 ಹಿಡಿದು ಚಿತ್ರದುರ್ಗಕ್ಕೆ ಬಂದು 48 ಸೇರಬಹುದು.

ಬೆಂಗಳೂರಿನ ಒಳಗೆ ದೊಡ್ಡ ಸರಕು ವಾಹನಗಳಿಗೆ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವಿದೆ. ಬಳ್ಳಾರಿ ರಾತ್ರಿ ಬಿಟ್ಟು ನೆಲಮಂಗಲವನ್ನು ಬೆಳಗಾಗುವ ಮುಂಚೆ ದಾಟುವಂತೆ ನೋಡಿಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ಸಾಮಾನು ಇಳಿಸಲು ಯಾವ ಹೊತ್ತು, ಭಾನುವಾರ ಬಿಡುತ್ತಾರೋ ಇಲ್ಲವೋ, ಅದಕ್ಕೆ ಶುಲ್ಕ ಇದೆಯೋ ಎಂದು ಮೊದಲೇ ಕೇಳಿ. ನಮ್ಮ ಪರಿಚಯದವರ ಗಾಡಿ ಭಾನುವಾರ ಇಡೀ ದಿನ ಗೇಟಿನ ಹೊರಗೆ ನಿಂತಿತ್ತು.

ಇ-ವೇ ಬಿಲ್ ಬೇಕೇ?

ಅದು ಸರಕು ಸಾಗಿಸುವಾಗ ಜಿಎಸ್‌ಟಿ ಜಾಲತಾಣದಲ್ಲಿ ಮಾಡಿಸುವ ಚೀಟಿ. ಬಳಸಿದ ಮನೆ ಸಾಮಾನಿಗೆ ಬೇಡ. ಆದರೂ ಸಾಮಾನಿನ ಪಟ್ಟಿಗೆ ಸಹಿ ಹಾಕಿ, ಆಧಾರ್ ಪ್ರತಿ ಸೇರಿಸಿ ಡ್ರೈವರ್ ಕೈಯಲ್ಲಿ ಕೊಟ್ಟಿರಿ. ಅಂಗಡಿಯಿಂದ ನೇರ ತಂದ ಸೀಲು ಬಿಚ್ಚದ ಫ್ರಿಜ್ ಇದ್ದರೆ ಅದರ ಬಿಲ್ಲೂ ಇರಲಿ.

ಯಾವ ತಿಂಗಳಲ್ಲಿ ಹೊರಟರೆ ಅಗ್ಗ?

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ವರ್ಗಾವಣೆ ಎಲ್ಲ ಒಟ್ಟಿಗೆ. ಗಾಡಿಯೂ ತುಟ್ಟಿ, ಮನೆಯೂ ತುಟ್ಟಿ, ಬಳ್ಳಾರಿ ಬಿಸಿಲಲ್ಲಿ ಹಮಾಲರೂ ಹನ್ನೊಂದರ ಮೇಲೆ ಕೈ ಹಾಕುವುದಿಲ್ಲ.

ಅಗ್ಗ ಬೇಕೆಂದರೆ ಆಷಾಢ. ಆ ತಿಂಗಳು ಹೊಸ ಮನೆಗೆ ಕಾಲಿಡಬಾರದು ಎಂದು ಜನ ಹಿಂಜರಿಯುತ್ತಾರೆ, ಮಾಲೀಕರ ಮನೆ ಖಾಲಿ ಇರುತ್ತದೆ, ಗಾಡಿಯವರು ಪುರಸೊತ್ತಾಗಿರುತ್ತಾರೆ. ಧನುರ್ಮಾಸವೂ ಹಾಗೇ. ಅತ್ತೆಯವರು ಒಪ್ಪದಿದ್ದರೆ ಒಂದು ಉಪಾಯವಿದೆ: ಜ್ಯೇಷ್ಠದಲ್ಲೇ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ, ದೇವರ ಫೋಟೋ ಇಟ್ಟು ಬನ್ನಿ. ಸಾಮಾನು ಆಮೇಲೆ ಬರಲಿ. ನಮ್ಮ ಮನೆಯಲ್ಲಿ ಇದಕ್ಕೆ ಎಲ್ಲರೂ ಒಪ್ಪಿದರು. ಆದರೆ ಹಾಲು ಉಕ್ಕಿಸಿದ ದಿನದಿಂದ ಬಾಡಿಗೆ ಶುರುವಾಗುತ್ತದೆ, ಅದನ್ನೂ ತಾರೀಖಿನ ಹಾಳೆಯಲ್ಲಿ ಬರೆಯಿರಿ. ಮಂಗಳವಾರ, ಶುಕ್ರವಾರ ಮನೆ ಬಿಟ್ಟರೆ ಲಕ್ಷ್ಮಿ ಹೋಗುತ್ತಾಳೆ ಎನ್ನುವವರಿಂದ ಆ ಎರಡು ದಿನ ಗಾಡಿ ಸುಲಭವಾಗಿ ಸಿಗುತ್ತದೆ.

ಏನು ಒಯ್ಯಬೇಕು, ಏನು ಬಿಡಬೇಕು?

ಕೂಲರ್ ಬಿಡಿ. ಬಳ್ಳಾರಿ, ರಾಯಚೂರಿನ ಮನೆಯಲ್ಲಿ ಅದೇ ರಾಜ. ಬೆಂಗಳೂರಿನಲ್ಲಿ ಅದರ ಮೇಲೆ ಬಟ್ಟೆ ಒಣಗುತ್ತದೆ. ಮಾರುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಮಾರಿ, ಜೂನಿನಲ್ಲಿ ಕೇಳುವವರಿಲ್ಲ.

ಉಳಿದದ್ದಕ್ಕೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಈ ವಸ್ತುವನ್ನು ಇವತ್ತು ಬೀದಿಯಲ್ಲಿ ಮಾರಿದರೆ ಎಷ್ಟು, ಬೆಂಗಳೂರಲ್ಲಿ ಹಳೆಯದು ಕೊಂಡರೆ ಎಷ್ಟು, ಇದು ಗಾಡಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ? ಪ್ಲೈವುಡ್ ಮಂಚ, ಟೀಪಾಯಿ, ಅಲುಗಾಡುವ ಡೈನಿಂಗ್ ಟೇಬಲ್ ಈ ಪ್ರಶ್ನೆಗೆ ನಿಲ್ಲುವುದಿಲ್ಲ. ಒಮ್ಮೆ ಬಿಚ್ಚಿ ಜೋಡಿಸಿದ ಪ್ಲೈವುಡ್ಡಿನಲ್ಲಿ ಮೊಳೆ ಹಿಡಿಯುವುದೂ ಇಲ್ಲ. ಕಬ್ಬಿಣದ ಅಲಮಾರಿ ನಿಲ್ಲುತ್ತದೆ, ಹೊಸದರ ಬೆಲೆ ಕೇಳಿ ನೋಡಿ. ತೇಗದ ಮಂಚ ಒಯ್ಯಿರಿ. ಹಿತ್ತಾಳೆ ಹಂಡೆ ಅಣ್ಣನ ಮನೆಯಲ್ಲಿ ಇರಲಿ.

ಜೋಳ ಮಾತ್ರ ಒಯ್ಯಿರಿ. ಬೆಂಗಳೂರಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ಎಂದು ಬೀಸಿದ್ದೋ ಯಾರಿಗೆ ಗೊತ್ತು. ಹಳೇ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಬಿರಿಯುತ್ತದೆ. ಒಂದು ಚೀಲ ಜೋಳ, ಗಂಗಾವತಿ ಅಥವಾ ಸಿರುಗುಪ್ಪದ ಸೋನಾ ಮಸೂರಿ ಎರಡು ಚೀಲ ಗಾಡಿಯ ತಳಕ್ಕೆ ಹಾಕಿದರೆ ಮೊದಲ ಮೂರು ತಿಂಗಳ ದಿನಸಿ ಖರ್ಚು ಇಳಿಯುತ್ತದೆ. ಜೋಳ ಬೀಸುವ ಗಿರಣಿ ಎಲ್ಲಿದೆ ಎಂದು ಹೊಸ ಏರಿಯಾದಲ್ಲಿ ಮೊದಲು ಪತ್ತೆ ಮಾಡಿದ್ದು ನಮ್ಮಮ್ಮ.

ಕಟ್ಟುವುದು ಹೇಗೆ?

ಕೌದಿಗಿಂತ ಒಳ್ಳೆಯ ಪ್ಯಾಕಿಂಗ್ ಇಲ್ಲ. ಟಿವಿ, ಕನ್ನಡಿ, ಮಿಕ್ಸಿ ಎಲ್ಲ ಕೌದಿಯೊಳಗೆ. ಪಾತ್ರೆಗಳ ನಡುವೆ ಹಳೆ ಸೀರೆ. ಪುಸ್ತಕ ಸಣ್ಣ ಡಬ್ಬದಲ್ಲೇ, ದೊಡ್ಡದಕ್ಕೆ ತುಂಬಿದರೆ ತಳ ಹರಿಯುತ್ತದೆ. ಡಬ್ಬಕ್ಕೆ ನಂಬರು ಬರೆದು, ನೋಟ್‌ಬುಕ್ಕಿನಲ್ಲಿ ಒಳಗೇನಿದೆ ಎಂದು ಬರೆದಿಡಿ.

ಫ್ರಿಜ್ ಹಿಂದಿನ ದಿನವೇ ಆರಿಸಿ, ನೀರು ಬಸಿದು ಒರೆಸಿ, ನಿಲ್ಲಿಸಿಯೇ ಸಾಗಿಸಿ. ಇಳಿಸಿದ ಕೂಡಲೇ ಆನ್ ಮಾಡಬೇಡಿ, ಕೆಲವು ತಾಸು ಬಿಡಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ಗೆ ಕೊಂಡಾಗ ಹಿಂದೆ ಬೋಲ್ಟ್‌ಗಳಿದ್ದವಲ್ಲ, ಅವನ್ನು ಮತ್ತೆ ಹಾಕಿ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ಡ್ರಮ್ಮು ದಾರಿಯುದ್ದಕ್ಕೂ ಕುಣಿಯುತ್ತದೆ.

ಬಂಗಾರ, ಕಾಗದ ಪತ್ರ?

ಮೈಮೇಲೆ, ಕೈಯಲ್ಲಿ. ಗಾಡಿಯಲ್ಲಿ ಎಂದೂ ಇಲ್ಲ.

ಗ್ಯಾಸ್ ಸಿಲಿಂಡರ್ ಗಾಡಿಯಲ್ಲಿ ಹಾಕಬಹುದೇ?

ಹಾಕಬಾರದು. ಅದು ಕಂಪನಿಯ ಸ್ವತ್ತು, ಮೇಲಾಗಿ ಅಪಾಯ. ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಸಂಪರ್ಕ ಮುಕ್ತಾಯದ ಚೀಟಿ ಪಡೆಯಿರಿ, ಠೇವಣಿ ವಾಪಸ್ ಬರುತ್ತದೆ. ಆ ಚೀಟಿ ತೋರಿಸಿದರೆ ಬೆಂಗಳೂರಿನ ಏಜೆನ್ಸಿಯಲ್ಲಿ ಸಂಪರ್ಕ. ಮೊದಲು ಸಂಪರ್ಕ ಪಡೆದಾಗ ಕೊಟ್ಟ ಕಾಗದ ಹುಡುಕಲು ಒಂದು ವಾರ ಇಟ್ಟುಕೊಳ್ಳಿ. ನಮ್ಮದು ಪಂಚಾಂಗದೊಳಗೆ ಸಿಕ್ಕಿತು. ಒಲೆ ಮಾತ್ರ ಒಯ್ಯಬಹುದು. ಹೊಸ ಸಿಲಿಂಡರ್ ಬರುವ ತನಕ ಕರೆಂಟ್ ಒಲೆ ಒಂದಿರಲಿ.

ಬೈಕನ್ನು ರೈಲಲ್ಲಿ ಕಳಿಸಬಹುದೇ?

ಕಳಿಸಬಹುದು. ಬಳ್ಳಾರಿ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಒಂದು ದಿನ ಮುಂಚೆ ಹೋಗಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದಿರಬೇಕು, ಆರ್‌ಸಿ ಪ್ರತಿ, ಗುರುತಿನ ಚೀಟಿ ಬೇಕು. ಹೇಗೂ ಲಾರಿ ಹೋಗುತ್ತಿದ್ದರೆ ಅದರಲ್ಲೇ ಹಾಕಿ, ಹಿಂದಿನ ಬಾಗಿಲ ಬಳಿ, ಗಾದಿ ಒತ್ತಿ.

ಕೆಎ-34 ಗಾಡಿಯನ್ನು ಬೆಂಗಳೂರಲ್ಲಿ ಓಡಿಸಲು ನಂಬರ್ ಬದಲಿಸಬೇಕಿಲ್ಲ, ರಾಯಚೂರಿನ 36, ಕೊಪ್ಪಳದ 37 ಕೂಡ ಅಷ್ಟೇ. ಆರ್‌ಸಿಯಲ್ಲಿ ವಿಳಾಸ ಬದಲಾವಣೆಯನ್ನು 30 ದಿನದಲ್ಲಿ ತಿಳಿಸಬೇಕು. ಹೈದರಾಬಾದಿಗೆ ಹೋಗುವವರ ಕಥೆ ಬೇರೆ: ನಿಮ್ಮ ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಹನ್ನೆರಡು ತಿಂಗಳು ಮೀರಿ ಅಲ್ಲೇ ಇಟ್ಟುಕೊಂಡರೆ ಅಲ್ಲಿಯ ನೋಂದಣಿ, ಅಲ್ಲಿಯ ತೆರಿಗೆ. ಅದನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿ.

ಮಕ್ಕಳ ಶಾಲೆ, ರೇಷನ್, 371ಜೆ?

ಟಿಸಿ ಕೇಳುವ ಮುಂಚೆ ಹೊಸ ಶಾಲೆಯಲ್ಲಿ ಸೀಟು ಖಚಿತ ಮಾಡಿಕೊಳ್ಳಿ. ಟಿಸಿಯ ಮೇಲೆ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಕೊಡುವ ವಿದ್ಯಾರ್ಥಿ ಗುರುತಿನ ಸಂಖ್ಯೆ), ಹೆಸರಿನ ಅಕ್ಷರ, ಹುಟ್ಟಿದ ತಾರೀಖು ಅಲ್ಲೇ ನಿಂತು ಓದಿ. ಒಂದು ಅಕ್ಷರ ತಪ್ಪಿದರೆ ಮುನ್ನೂರು ಕಿಲೋಮೀಟರು ವಾಪಸ್.

ರೇಷನ್ ಕಾರ್ಡ್ ಬದಲಾಗುವ ತನಕ ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು. ಗೃಹಜ್ಯೋತಿಗೆ ಹಳೆ ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ಸಂಖ್ಯೆಯಿಂದ ಆಧಾರ್ ಬಿಡಿಸಿ, ಹೊಸ ಮನೆಯದಕ್ಕೆ ಸೇವಾ ಸಿಂಧುವಿನಲ್ಲಿ ಜೋಡಿಸಬೇಕು. ಜೆಸ್ಕಾಂ ಹೋಗಿ ಬೆಸ್ಕಾಂ ಆಯಿತೆಂದು ತಾನಾಗಿ ಬರುವುದಿಲ್ಲ.

371ಜೆ ಪ್ರಮಾಣಪತ್ರ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಗೆ ಬೇಕಾದ ಪತ್ರ, ಅದನ್ನು ಮಾತ್ರ ಊರು ಬಿಡುವ ಮುಂಚೆಯೇ ಮಾಡಿಸಿ. ಇದನ್ನು ಎರಡು ಸಲ ಓದಿಕೊಳ್ಳಿ. ಕೊಡುವವರು ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರು. ತಹಶೀಲ್ದಾರ್ ಕಚೇರಿ, ಶಾಲೆ ದಾಖಲೆ, ಅಪ್ಪನ ಹುಟ್ಟೂರಿನ ಕಾಗದ ಎಲ್ಲ ಊರಲ್ಲೇ ಇರುವುದು. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟು ಕಲ್ಯಾಣ ಕರ್ನಾಟಕದವರಿಗೆ. ಆರನೇ ತರಗತಿ ಮಗುವಿಗೆ ಈಗ್ಯಾಕೆ ಎಂದುಕೊಂಡು ಹೋದವರು ಪಿಯುಸಿ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಬಳ್ಳಾರಿಗೆ ಅಲೆದದ್ದನ್ನು ನೋಡಿದ್ದೇನೆ.

ಮನೆಯವರು ಹೇಗೆ ಹೋಗುವುದು?

ಗಾಡಿ ರಾತ್ರಿ ಹೊರಟರೆ ಒಬ್ಬ ಗಂಡಾಳು ಡ್ರೈವರ್ ಪಕ್ಕ. ಉಳಿದವರು ಹಂಪಿ ಎಕ್ಸ್‌ಪ್ರೆಸ್. ಕೊಪ್ಪಳ, ಹೊಸಪೇಟೆಯವರಿಗೂ ಅದೇ. ಸ್ಲೀಪರ್‌ನಲ್ಲಿ ತಲೆಗೆ 40 ಕೆಜಿ ಲಗೇಜ್ ಉಚಿತ, ನಾಲ್ಕು ಜನರಿಗೆ 160 ಕೆಜಿ ಆಯಿತು, ಬಟ್ಟೆಯೆಲ್ಲ ಅದರಲ್ಲೇ ಹೋಗುತ್ತದೆ. ಟಿಕೆಟನ್ನು ಗಾಡಿಗಿಂತ ಮೊದಲು ಮಾಡಿ.

ಒಂದು ಚೀಲ ಬೇರೆ ಇರಲಿ: ಪೊರಕೆ, ಬೀಗ, ಬಲ್ಬು, ಬಕೆಟ್ಟು, ಚಾಪೆ, ಟೀ ಪುಡಿ, ಸಕ್ಕರೆ, ಸ್ಕ್ರೂಡ್ರೈವರ್, ಮಾತ್ರೆ, ಮೂರು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ.

ಹಳೇ ಮನೆ ಮಾಲೀಕರು ಅಡ್ವಾನ್ಸ್ ಸತಾಯಿಸಿದರೆ?

ಒಂದು ತಿಂಗಳ ಮುಂಚೆ ನೋಟಿಸ್ ವಾಟ್ಸಾಪಿನಲ್ಲಾದರೂ ಬರೆದು ಕಳಿಸಿ. ಕೊನೆಯ ಕರೆಂಟ್ ಬಿಲ್, ನೀರಿನ ಬಿಲ್ ಕಟ್ಟಿದ ರಸೀದಿ ಇಟ್ಟುಕೊಳ್ಳಿ, ಖಾಲಿ ಕೋಣೆಗಳ ವಿಡಿಯೋ ಮಾಡಿ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದು ಮೊದಲೇ ಕೇಳಿ ನೋಡಿ. ಬಳ್ಳಾರಿಯಲ್ಲಿ ಬಹಳ ಮಾಲೀಕರು ಒಪ್ಪುತ್ತಾರೆ, ಅವರಿಗೂ ಒಟ್ಟಿಗೆ ದುಡ್ಡು ಹೊಂದಿಸುವ ತಾಪತ್ರಯ ತಪ್ಪುತ್ತದೆ.

ಬೆಂಗಳೂರಿನಿಂದ ಬಳ್ಳಾರಿಗೆ ವಾಪಸ್ ಹೋಗುವವರಿಗೆ?

ಇದನ್ನು ಕೇಳುವವರೂ ಈಗೀಗ ಹೆಚ್ಚಾಗಿದ್ದಾರೆ. ಅಡ್ವಾನ್ಸ್ ಹೊರೆ ಹಗುರ, ಬಾಡಿಗೆ ಹಗುರ. ಗಾಡಿಯನ್ನು ಬೆಂಗಳೂರಲ್ಲಿ ಹುಡುಕುವ ಬದಲು ಬಳ್ಳಾರಿಯಿಂದ ಸರಕು ತಂದ ಗಾಡಿ ಕೇಳಿ, ಅವನಿಗೆ ಮನೆಗೆ ಹೋಗುವ ದಾರಿ. ಫೆಬ್ರವರಿಯಲ್ಲಿ ಹೋಗುವುದಾದರೆ ಕೂಲರ್ ಡಿಸೆಂಬರಿನಲ್ಲೇ ಕೊಂಡಿಡಿ.